ಪಾರ್ಸನೇಜ್-ಟರ್ನರ್ ಸಿಂಡ್ರೋಮ್: ನೋವು ಮೊದಲು, ಕೈ ಸೋಲುವುದು ಆಮೇಲೆ

ಬೆಂಗಳೂರಿನ ಒಪಿಡಿಗಳಿಗೆ ಭುಜ ನೋವು ಅಂತ ಬರುವವರು ಕಾರಣವನ್ನೂ ತಾವೇ ಹೇಳಿಬಿಡುತ್ತಾರೆ. 'ದಿನಾ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬೈಕು, ಆಮೇಲೆ ಲ್ಯಾಪ್‌ಟಾಪು. ಸ್ಪಾಂಡಿಲೈಟಿಸ್ ಇರ್ಬೇಕು ಡಾಕ್ಟ್ರೇ.' ಎಷ್ಟೋ ಸಲ ಅದು ನಿಜವೂ ಹೌದು. ಆದರೂ ಒಂದು ಪ್ರಶ್ನೆ ಬಿಡಬೇಡಿ: ನೋವು ಶುರುವಾದದ್ದು ಯಾವಾಗ, ಕೈ ಸೋತದ್ದು ಯಾವಾಗ?

ಪಾರ್ಸನೇಜ್-ಟರ್ನರ್ ಸಿಂಡ್ರೋಮ್ ಅನ್ನುವ ನರದ ಕಾಯಿಲೆಯಲ್ಲಿ ನೋವು ದಿಢೀರನೆ ಬರುತ್ತದೆ, ಹೆಚ್ಚಾಗಿ ರಾತ್ರಿ ಹೊತ್ತು. ಭುಜದಿಂದ ತೋಳಿಗೆ ಇಳಿಯುತ್ತದೆ. ಸಾಮಾನ್ಯ ಮಾತ್ರೆಗೆ ಬಗ್ಗುವುದಿಲ್ಲ, ನಿದ್ದೆ ಕೊಡುವುದಿಲ್ಲ. ಕೆಲವು ದಿನ, ಕೆಲವರಿಗೆ ಕೆಲವು ವಾರ ಹೀಗೇ. ಸದ್ಯ ನೋವು ಇಳಿಯಿತು ಅನ್ನುವ ಹೊತ್ತಿಗೆ ಕೈ ಮೇಲೇಳುವುದಿಲ್ಲ. ತಲೆ ಬಾಚಲು ಕಷ್ಟ, ಬಿಎಂಟಿಸಿ ಬಸ್ಸಿನ ಮೇಲಿನ ಕಂಬಿ ಹಿಡಿಯಲು ಕಷ್ಟ. ಆಮೇಲೆ ಸ್ನಾಯು ಕರಗುತ್ತಾ ಬರುತ್ತದೆ. ಈ ಅನುಕ್ರಮವೇ ರೋಗದ ಗುರುತು.

ತೊಂದರೆ ಇರುವುದು ಬ್ರೇಕಿಯಲ್ ಪ್ಲೆಕ್ಸಸ್‌ನಲ್ಲಿ, ಅಂದರೆ ಕತ್ತಿನಿಂದ ಕೈಗೆ ಇಳಿಯುವ, ಬೆನ್ನುಹುರಿಯ ಸಿ5ರಿಂದ ಟಿ1ರವರೆಗಿನ ನರಗಳ ಜಾಲದಲ್ಲಿ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ನರಗಳ ಮೇಲೆ ತಿರುಗಿಬೀಳುತ್ತದೆ ಅನ್ನುವುದು ಈಗಿನ ತಿಳಿವಳಿಕೆ. ಸೋಂಕು, ಆಪರೇಷನ್, ಹೆರಿಗೆ, ಲಸಿಕೆ, ವಿಪರೀತ ಕಸರತ್ತು, ಇವುಗಳ ಬೆನ್ನಿಗೇ ಬರುವುದುಂಟು. ಸೋಂಕುಗಳಲ್ಲಿ ಹೆಪಟೈಟಿಸ್ ಇ (ಲಿವರ್‌ನ ಸೋಂಕು) ನೆನಪಿಡಿ, ಎರಡೂ ಕೈಗೆ ತೊಂದರೆ ಆಗಿದ್ದರೆ ಅದರ ಅನುಮಾನ ಇನ್ನೂ ಜಾಸ್ತಿ. ವಂಶದಲ್ಲಿ ಬರುವ ಬಗೆಯೂ ಇದೆ, ಮರುಕಳಿಸುತ್ತದೆ. ಪಾರ್ಸನೇಜ್ ಮತ್ತು ಟರ್ನರ್ 1948ರಲ್ಲಿ 136 ರೋಗಿಗಳ ವಿವರ ಬರೆದರು, ಹೆಸರು ಅಲ್ಲಿಂದ.

ಎಲ್ಲ ನರಗಳೂ ಒಟ್ಟಿಗೆ ಸೋಲುವುದಿಲ್ಲ, ಅಲ್ಲೊಂದು ಇಲ್ಲೊಂದು. ಲಾಂಗ್ ಥೊರಾಸಿಕ್ ನರ ಸೋತಿದ್ದರೆ ಗೋಡೆ ತಳ್ಳಲು ಹೇಳಿ, ಬೆನ್ನಿನ ರೆಕ್ಕೆಮೂಳೆ ಎದ್ದು ನಿಲ್ಲುತ್ತದೆ. ಮುಂಗೈಯ ಆಂಟೀರಿಯರ್ ಇಂಟರಾಸಿಯಸ್ ನರವಾದರೆ ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ದುಂಡಗೆ ಮಾಡಲು ಆಗುವುದಿಲ್ಲ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುವುದು ಬೇರೆ ಭುಜನೋವುಗಳಿಂದ ಇದರ ವ್ಯತ್ಯಾಸವನ್ನೇ ಅಲ್ವಾ? ಕತ್ತಿನ ನರಬೇರು ಒತ್ತಿದ್ದರೆ ಕತ್ತು ತಿರುಗಿಸಿದಾಗ ನೋವು ಏರುತ್ತದೆ, ತೊಂದರೆ ಒಂದೇ ಬೇರಿನ ಹಾದಿ ಹಿಡಿಯುತ್ತದೆ. ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದಿದ್ದರೆ, ನಾವು ಎತ್ತಿದರೂ ಕೈ ಏಳುವುದಿಲ್ಲ. ಪಾರ್ಸನೇಜ್-ಟರ್ನರ್‌ನಲ್ಲಿ ರೋಗಿಯಿಂದ ಆಗದಿದ್ದರೂ ನಾವು ಎತ್ತಿದರೆ ಏಳುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕೀಲು ಬಿಗಿಯಬಹುದು, ಆಗ ಗೊಂದಲ.

ಇಎಂಜಿಗೆ (ನರ-ಸ್ನಾಯುಗಳ ವಿದ್ಯುತ್ ಪರೀಕ್ಷೆಗೆ) ಅವಸರ ಬೇಡ. ಸುಮಾರು 3 ವಾರ ಆಗದೆ ಮಾಡಿದರೆ ಸುಮ್ನೆ ನಾರ್ಮಲ್ ಬರಬಹುದು. ಮೊದಲ ದಿನಗಳಲ್ಲಿ ನೋವು ತಗ್ಗಿಸಲು ಸ್ಟೀರಾಯ್ಡ್ ಮಾತ್ರೆ ಕೊಡುವುದುಂಟು. ಚೇತರಿಕೆಗೆ ತಿಂಗಳುಗಳು, ಕೆಲವೊಮ್ಮೆ 2–3 ವರ್ಷ ಬೇಕು. ಕೆಲವರಿಗೆ ಬೇಗ ದಣಿಯುವ ಕೈ ಹಾಗೇ ಉಳಿಯುತ್ತದೆ. ಫಿಸಿಯೋದವರಿಗೆ ಒಂದು ಮಾತು: ನೋವು ಜೋರಾಗಿರುವಾಗ ಥೆರಾಬ್ಯಾಂಡ್ (ಎಳೆದು ಕಸರತ್ತು ಮಾಡುವ ರಬ್ಬರ್ ಪಟ್ಟಿ) ಕೊಡಬೇಡಿ, ಕೀಲು ಬಿಗಿಯದಂತೆ ಮೆಲ್ಲಗೆ ಆಡಿಸಿದರೆ ಸಾಕು.