ಮಾತ್ರೆ ನುಂಗಿದರೂ ತಪ್ಪು, ನುಂಗದಿದ್ದರೂ ತಪ್ಪು

2006ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಸೌರಿಯ ಟಿ.ವಿ.ಗಳಲ್ಲಿ ಚುನಾವಣಾ ಜಾಹೀರಾತೊಂದು ಬಂತು. ಪಾರ್ಕಿನ್ಸನ್ ಎಂಬ ನರರೋಗವಿರುವ ನಟ ಮೈಕೆಲ್ ಜೆ. ಫಾಕ್ಸ್ ನೇರವಾಗಿ ನೋಡುಗರೊಡನೆ ಮಾತನಾಡುತ್ತಾರೆ. ತಲೆ, ಹೆಗಲು, ಮೈ ಎಲ್ಲವೂ ಅತ್ತಿಂದಿತ್ತ ತೂಗುತ್ತಿರುತ್ತವೆ. ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳ (ಸ್ಟೆಮ್ ಸೆಲ್) ಸಂಶೋಧನೆಯನ್ನು ಬೆಂಬಲಿಸುವ ಡೆಮಾಕ್ರಟಿಕ್ ಅಭ್ಯರ್ಥಿ ಕ್ಲೇರ್ ಮೆಕ್ಯಾಸ್ಕಿಲ್ ಅವರನ್ನು ಸೆನೆಟ್‌ಗೆ ಆರಿಸಿ ಎಂಬುದು ಅವರ ಕೋರಿಕೆ. ಕೆಲವೇ ದಿನಗಳಲ್ಲಿ ಜನಪ್ರಿಯ ರೇಡಿಯೋ ನಿರೂಪಕರೊಬ್ಬರು, ಇವರು ಮಾತ್ರೆ ತೆಗೆದುಕೊಂಡಿಲ್ಲ, ಇಲ್ಲವೇ ನಟಿಸುತ್ತಿದ್ದಾರೆ ಎಂದರು.

ಪೋಲಿಯೊ ಪೀಡಿತ ಅಧ್ಯಕ್ಷ ರೂಸ್‌ವೆಲ್ಟ್ ಅವರ ಗಾಲಿಕುರ್ಚಿಯನ್ನು ಜನರ ಕಣ್ಣಿನಿಂದ ಆದಷ್ಟು ಮರೆಮಾಡುತ್ತಿದ್ದ ದೇಶವದು. ಮಾನವ ಭ್ರೂಣದ ಕಾಂಡಕೋಶಗಳನ್ನು ವಿಜ್ಞಾನಿಗಳು 1998ರಲ್ಲಿ ಬೇರ್ಪಡಿಸಿದ ಮೇಲೆ ರೋಗಿಗಳೇ ರಾಜಕೀಯದ ಮುಂದೆ ಬಂದು ನಿಂತರು. 2001ರಲ್ಲಿ ಅಧ್ಯಕ್ಷ ಬುಷ್ ಈ ಸಂಶೋಧನೆಯ ಸರ್ಕಾರಿ ಹಣಕ್ಕೆ ಮಿತಿ ಹಾಕಿದರು. 2006ರ ಜುಲೈನಲ್ಲಿ ಅದನ್ನು ಸಡಿಲಿಸುವ ಮಸೂದೆಗೆ ತಡೆ ಒಡ್ಡಿದರು. ಕೋಶಗಳನ್ನು ತೆಗೆಯುವಾಗ ಭ್ರೂಣ ನಾಶವಾಗುತ್ತದೆ; ಭ್ರೂಣವನ್ನು ಜೀವವೆಂದು ನಂಬುವವರ ಆಕ್ಷೇಪ ಪ್ರಾಮಾಣಿಕವಾದುದು, ಅದಕ್ಕೆ ಉತ್ತರ ಕೊಡಲೇಬೇಕಿತ್ತು. ಫಾಕ್ಸ್ ಒಂದೇ ಪಕ್ಷದ ಪ್ರಚಾರಕರೂ ಆಗಿರಲಿಲ್ಲ: 2004ರಲ್ಲಿ ರಿಪಬ್ಲಿಕನ್ ಸೆನೆಟರ್ ಆರ್ಲೆನ್ ಸ್ಪೆಕ್ಟರ್ ಪರವಾಗಿಯೂ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು.

ಸಂಶಯಕ್ಕೆ ಒಂದು ಎಳೆ ಇತ್ತು, ನಿಜ. 1999ರಲ್ಲಿ ಸೆನೆಟ್ ಸಮಿತಿಯ ಮುಂದೆ ಹಾಜರಾದಾಗ, ರೋಗ ಹೇಗಿರುತ್ತದೆಂದು ತೋರಿಸಲು ತಾವು ಬೇಕೆಂದೇ ಮಾತ್ರೆ ಬಿಟ್ಟಿದ್ದಾಗಿ ಅವರೇ ಬರೆದುಕೊಂಡಿದ್ದರು. ಆದರೆ ಜಾಹೀರಾತಿನಲ್ಲಿ ಕಂಡದ್ದು ಬೇರೆಯೇ. ಮಾತ್ರೆ ಇಲ್ಲದಾಗ ಪಾರ್ಕಿನ್ಸನ್ ರೋಗಿಯ ಮೈ ಬಿಗಿಯುತ್ತದೆ, ನಡೆ ನಿಧಾನವಾಗುತ್ತದೆ, ಮುಖ ಭಾವವಿಲ್ಲದೆ ಮರಗಟ್ಟುತ್ತದೆ, ಕೈ ನಡುಗುತ್ತದೆ. ಲೆವೊಡೋಪಾ ಮಾತ್ರೆ ಆ ಬಿಗಿತವನ್ನು ಬಿಡಿಸುತ್ತದೆ. ವರ್ಷಗಟ್ಟಲೆ ನುಂಗಿದವರಲ್ಲಿ ಅದೇ ಮಾತ್ರೆ ಮೈಯನ್ನು ತಾನಾಗಿ ತೂಗಾಡಿಸತೊಡಗುತ್ತದೆ. ಫಾಕ್ಸ್ ತೂಗಾಡಿದ್ದು ಔಷಧಿ ಬಿಟ್ಟಿದ್ದಕ್ಕಲ್ಲ, ಅದು ಮೈಯಲ್ಲಿ ಹೆಚ್ಚಾಗಿದ್ದಕ್ಕೆ. ನರರೋಗದ ಯಾವ ವೈದ್ಯರನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದರು. ರೇಡಿಯೋ ಮೈಕ್‌ ಮುಂದೆ ಕುಳಿತವರಿಗೆ ಕೇಳುವಷ್ಟು ವ್ಯವಧಾನವಿರಲಿಲ್ಲ.

ತಪ್ಪಿದ್ದರೆ ಕ್ಷಮೆ ಕೇಳುವೆ ಎಂಬ ಷರತ್ತಿನ ಮಾತು ಆ ನಿರೂಪಕರಿಂದ ಬಂತು. ಅಷ್ಟರಲ್ಲಿ ಭ್ರೂಣದ ಚರ್ಚೆ ಹಿಂದೆ ಸರಿದು, ಒಬ್ಬ ರೋಗಿಯ ಹೆಗಲು ಎಷ್ಟು ಅಲುಗಬೇಕು ಎಂಬುದೇ ವಾರದ ಸುದ್ದಿಯಾಗಿತ್ತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ನವೆಂಬರ್‌ನಲ್ಲಿ ಮೆಕ್ಯಾಸ್ಕಿಲ್ ಗೆದ್ದರು. ಕಾಂಡಕೋಶ ಸಂಶೋಧನೆಗೆ ರಕ್ಷಣೆ ಕೊಡುವ ಮಿಸೌರಿಯ ಸಂವಿಧಾನ ತಿದ್ದುಪಡಿಯೂ ಅಲ್ಪ ಅಂತರದಲ್ಲಿ ಪಾಸಾಯಿತು. ಬುಷ್ ಹಾಕಿದ್ದ ಮಿತಿಯನ್ನು 2009ರ ಮಾರ್ಚ್‌ನಲ್ಲಿ ಒಬಾಮ ತೆಗೆದುಹಾಕಿದರು. ಪಾರ್ಕಿನ್ಸನ್ ರೋಗಿಗಳ ಮುಖ್ಯ ಔಷಧಿ ಈಗಲೂ ಅದೇ ಲೆವೊಡೋಪಾ.