ತೋಟದ ಖಾಲಿ ತಿಂಗಳುಗಳು

"ವರ್ಷಪೂರ್ತಿ ಮನೆಗೆ ಸಾಕಾಗುವಷ್ಟು ತರಕಾರಿ, ಹಣ್ಣು ಬೆಳೆಯಬೇಕು. ಎಷ್ಟು ಜಾಗ ಬೇಕು?" ಸಲಹೆಗೆ ಬರುವವರು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಬೇರೆ ಪ್ರಶ್ನೆ ಕೇಳುತ್ತೇನೆ. ಕಳೆದ ವರ್ಷ ನಿಮ್ಮ ತೋಟದಲ್ಲಿ ಕೊಯ್ಯಲು ಏನೂ ಇಲ್ಲದ ತಿಂಗಳು ಯಾವುದು? ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಬುಟ್ಟಿ ತುಂಬಿದ ದಿನ ಎಲ್ಲರಿಗೂ ನೆನಪಿರುತ್ತದೆ. ಬುಟ್ಟಿ ಖಾಲಿಯಾದ ದಿನ ಯಾರಿಗೂ ನೆನಪಿರುವುದಿಲ್ಲ.

ಜಾಗದ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ಒಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲೂಗಡ್ಡೆ, ಗೆಣಸಿನಂಥ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕು ಜನರ ಮನೆಗೆ ವರ್ಷಕ್ಕೆ 584 ಕೆಜಿ ಆಯಿತು. ಚದರ ಮೀಟರಿಗೆ ವರ್ಷಕ್ಕೆ 3 ಕೆಜಿ ಸಿಗುತ್ತದೆ ಎಂದುಕೊಂಡರೆ ಸುಮಾರು 195 ಚದರ ಮೀಟರ್ ಮಡಿ ಬೇಕು. ಓಡಾಡುವ ದಾರಿ ಬೇರೆ. ಆದರೆ ಜಾಗ ಅಳೆಯುವ ಮೊದಲು ನೀರು ನೋಡಿ. ಒಂದು ಚದರ ಮೀಟರಿಗೆ ವಾರಕ್ಕೆ 25 ಲೀಟರ್ ಎಂದರೂ ಇಷ್ಟು ಮಡಿಗೆ ಹತ್ತಿರಹತ್ತಿರ 5,000 ಲೀಟರ್ ಬೇಕು. ಒಣ ಎಲೆ, ಹುಲ್ಲು ಹೊದಿಸಿದರೆ ತೇವ ಜಾಸ್ತಿ ದಿನ ಉಳಿಯುತ್ತದೆ. ಅಷ್ಟು ನೀರಿಲ್ಲವೇ? ಅರ್ಧ ಜಾಗದಲ್ಲಿ ಶುರು ಮಾಡಿ. ಒಣಗಿದ ದೊಡ್ಡ ತೋಟಕ್ಕಿಂತ ಹಸಿರಾದ ಚಿಕ್ಕ ತೋಟ ಹೆಚ್ಚು ಊಟ ಕೊಡುತ್ತದೆ.

ನಿಜವಾದ ಕಷ್ಟ ಇರುವುದು ದಿನಗಳ ಲೆಕ್ಕದಲ್ಲಿ. ನಾನೇ ಮೊದಲ ವರ್ಷ 24 ಟೊಮೆಟೊ ಸಸಿಗಳನ್ನು ಒಂದೇ ದಿನ ನಾಟಿ ಮಾಡಿದ್ದೆ. ಎಲ್ಲವೂ ಒಟ್ಟಿಗೆ ಹಣ್ಣಾದವು. ಮೂರು ವಾರ ಮನೆ ತುಂಬ ಟೊಮೆಟೊ. ಕಂಡವರಿಗೆಲ್ಲ ಹಂಚಿದೆ. ಕೊನೆಕೊನೆಗೆ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಿದ್ದರು! ಅದಾದ ಎರಡನೇ ತಿಂಗಳು ಅಂಗಡಿಗೆ ಹೋಗಿ ಟೊಮೆಟೊ ಕೊಂಡು ತಂದೆ. ಕಲಿತವನು, ಬೇರೆಯವರಿಗೆ ಹೇಳಿಕೊಡುವವನು ಮಾಡಿದ ಕೆಲಸ ಇದು.

ಈಗ ಉಲ್ಟಾ ಲೆಕ್ಕ ಹಾಕುತ್ತೇನೆ. ತಿನ್ನುವ ವಾರವನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತುವ ದಿನ ಹಿಡಿಯುತ್ತೇನೆ. ಗಿಡ್ಡ ತಳಿಯ ಬೀನ್ಸ್ ಬಿತ್ತಿದ 50-60 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಸುಮಾರು ಮೂರು ವಾರ ಕಾಯಿ ಕೊಟ್ಟು ಸುಸ್ತಾಗುತ್ತದೆ. ಹಾಗಾಗಿ ಮೂರು ವಾರಕ್ಕೊಮ್ಮೆ ಒಂದು ಸಾಲು. ಬೇಗ ಬರುವ ತಳಿಯ ಮೂಲಂಗಿ ಸುಮಾರು ಒಂದು ತಿಂಗಳಿಗೆ ಸಿದ್ಧ, ಆದರೆ ಮಣ್ಣಲ್ಲಿ ಜಾಸ್ತಿ ದಿನ ಬಿಟ್ಟರೆ ಬೆಂಡಾಗುತ್ತದೆ. ಅದಕ್ಕೆ ಹತ್ತು ದಿನಕ್ಕೊಮ್ಮೆ ಒಂದು ಹಿಡಿ ಬೀಜ ಸಾಕು. ಕೈ ಬಿಗಿ ಹಿಡಿಯುವುದೇ ಇಲ್ಲಿ ಕಷ್ಟ. ಪೊಟ್ಟಣ ಒಡೆದ ಮೇಲೆ ಎಲ್ಲ ಬೀಜ ಚೆಲ್ಲಿಬಿಡೋಣ ಅನಿಸುತ್ತದೆ, ಅಲ್ವಾ?

ಬದನೆ, ಮೆಣಸಿನಗಿಡಕ್ಕೆ ಈ ತಾಪತ್ರಯ ಇಲ್ಲ. ಅವು ತಿಂಗಳುಗಟ್ಟಲೆ ಕೊಡುತ್ತಲೇ ಇರುತ್ತವೆ. ಬದನೆ ಸೋತಂತೆ ಕಂಡರೆ ಕೊಂಬೆ ಸವರಿ ಗೊಬ್ಬರ ಕೊಡಿ, ಮತ್ತೆ ಚಿಗುರುತ್ತದೆ.

ಹವೆ ಬದಲಾದರೆ ಈ ದಿನಗಳ ಲೆಕ್ಕವೂ ಬದಲಾಗುತ್ತದೆ. ಚಳಿಯಲ್ಲಿ ಅದೇ ಮೂಲಂಗಿ ನಿಧಾನ. ಹಗಲು 10 ಗಂಟೆಗಿಂತ ಕಡಿಮೆಯಾಗುವ ಕಡೆಗಳಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಂಥ ಕಡೆ ಚಳಿಗಾಲದಲ್ಲಿ ತಿನ್ನಬೇಕಾದ ಕೋಸು, ಕ್ಯಾರೆಟ್ ಅದಕ್ಕೂ ಮೊದಲೇ ಬೆಳೆದು ನಿಂತಿರಬೇಕು. ಆಮೇಲೆ ಮಡಿಯೇ ಒಂದು ಫ್ರಿಜ್ ಇದ್ದಂತೆ, ಬೇಕಾದಾಗ ಕಿತ್ತುಕೊಳ್ಳಬಹುದು.

ಬಿರುಬಿಸಿಲಿನದು ಇನ್ನೊಂದು ಕಥೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸ ಮಾಡುವುದಿಲ್ಲ. ಕಾಯಿ ಕಟ್ಟದೆ ಹೂ ಉದುರುತ್ತದೆ. ಆಗ ಜನ ಗಾಬರಿಯಿಂದ ಯೂರಿಯಾ ಸುರಿಯುತ್ತಾರೆ. ಗಿಡ ಸೊಪ್ಪಾಗಿ ಬೆಳೆಯುತ್ತದೆ, ಕಾಯಿ ಮಾತ್ರ ಇಲ್ಲ. ಸುಮ್ನೆ ಜಗಳ ಆಡಬೇಡಿ ಅಂತ ನಾನು ಹೇಳುತ್ತೇನೆ. ಆ ತಿಂಗಳುಗಳನ್ನು ಬೆಂಡೆ, ಅಲಸಂದೆ, ದಂಟಿನ ಸೊಪ್ಪಿಗೆ ಬಿಟ್ಟುಕೊಡಿ. ಬಿಸಿಲೆಂದರೆ ಅವಕ್ಕೆ ಹಬ್ಬ. ಖಾಲಿ ತಿಂಗಳು ಅಂದೆನಲ್ಲ, ಎಷ್ಟೋ ಸಲ ಅದು ತಪ್ಪು ಗಿಡ ಕೂತಿರುವ ತಿಂಗಳು ಅಷ್ಟೇ.

ಹಣ್ಣಿನ ವಿಷಯದಲ್ಲಿ ತಾಳ್ಮೆ ಜಾಸ್ತಿ ಬೇಕು. ಮಾವಿನಂಥ ಮರಗಳು ವರ್ಷಕ್ಕೊಂದು ಸುಗ್ಗಿ ಕೊಟ್ಟು ಸುಮ್ಮನಾಗುತ್ತವೆ. ಒಂದೇ ತಳಿಯ ನಾಲ್ಕು ಮರ ನೆಡುವ ಬದಲು ಬೇಗ, ತಡವಾಗಿ ಹಣ್ಣಾಗುವ ತಳಿಗಳನ್ನು ಬೆರೆಸಿದರೆ ಸುಗ್ಗಿ ಕೆಲವು ವಾರ ಉದ್ದವಾಗುತ್ತದೆ. ಹಿಮ ಬೀಳದ ಕಡೆ ಬಾಳೆ, ಪಪ್ಪಾಯಿಗೆ ನನ್ನ ಮೊದಲ ಓಟು. ಬಾಳೆಯ ಒಂದು ಗಿಡದಿಂದ ಒಂದೇ ಗೊನೆ. ಆದರೆ ಬುಡದಲ್ಲಿ ಕಂದುಗಳು, ಅಂದರೆ ಮರಿಗಿಡಗಳು, ಬರುತ್ತಲೇ ಇರುತ್ತವಲ್ಲ, ಮೂರು ನಾಲ್ಕು ತಿಂಗಳಿಗೆ ಒಂದೊಂದನ್ನು ಉಳಿಸಿ, ಮಿಕ್ಕಿದ್ದನ್ನು ತೆಗೆಯಿರಿ. ಆಗ ಗೊನೆಗಳೂ ಒಂದರ ಹಿಂದೆ ಒಂದು ಬರುತ್ತವೆ. ಪಪ್ಪಾಯಿ ಒಂದು ವರ್ಷದೊಳಗೇ ಹಣ್ಣಿಗೆ ಬರುತ್ತದೆ, ಎರಡು ಮೂರು ವರ್ಷದಲ್ಲಿ ಸೊರಗುತ್ತದೆ. ವರ್ಷಕ್ಕೊಂದು ಹೊಸ ಸಸಿ ನೆಡುತ್ತಿದ್ದರೆ ಹಣ್ಣು ತಪ್ಪುವುದಿಲ್ಲ. ಬುಡದಲ್ಲಿ ನೀರು ನಿಲ್ಲಲು ಬಿಟ್ಟಿರೋ, ಬೇರು ಕೊಳೆತು ಗಿಡ ಹೋಯಿತು.

ಏನೇ ಮಾಡಿದರೂ ವರ್ಷದಲ್ಲಿ ಒಂದೆರಡು ತೆಳು ವಾರಗಳು ಉಳಿಯುತ್ತವೆ. ಅದಕ್ಕೇ ಇರುವುದು ಕುಂಬಳಕಾಯಿ. ಸಿಹಿಗುಂಬಳ, ಬೂದುಗುಂಬಳ ಎರಡೂ ಸಿಪ್ಪೆ ಗಟ್ಟಿಯಾಗಿ ಪೂರ್ತಿ ಬಲಿತ ಮೇಲೆ ಕೊಯ್ದರೆ ತಿಂಗಳುಗಟ್ಟಲೆ ಇರುತ್ತವೆ. ಉಗುರು ಒತ್ತಿದರೆ ಸಿಹಿಗುಂಬಳದ ಸಿಪ್ಪೆಗೆ ಇಳಿಯಬಾರದು. ತೊಟ್ಟನ್ನು ನಾಲ್ಕು ಬೆರಳು ಉದ್ದ ಬಿಟ್ಟೇ ಕತ್ತರಿಸಿ. ತೊಟ್ಟು ಮುರಿದರೆ ಕೊಳೆ ಒಳಗೆ ಹೋಗುವುದು ಅಲ್ಲಿಂದಲೇ. ತೊಟ್ಟು ಹಿಡಿದು ಎತ್ತಲೂ ಬೇಡಿ. ಸಿಹಿಗುಂಬಳವನ್ನು ಹತ್ತು ದಿನ ಬೆಚ್ಚಗಿನ, ಗಾಳಿಯಾಡುವ ಕಡೆ ಇಟ್ಟು, ಆಮೇಲೆ ತಂಪಾದ ಒಣ ಜಾಗಕ್ಕೆ ಸಾಗಿಸಿ. ಒಂದರ ಮೇಲೊಂದು ಪೇರಿಸಬೇಡಿ. ಮಾಗುತ್ತಿರುವ ಬಾಳೆಗೊನೆಯ ಪಕ್ಕ ಅಂತೂ ಬೇಡವೇ ಬೇಡ. ಅದು ಬಿಡುವ ಎಥಿಲೀನ್ ಅನಿಲ ಪಕ್ಕದವರನ್ನೂ ಬೇಗ ಮುದಿ ಮಾಡುತ್ತದೆ. ವಾರಕ್ಕೊಮ್ಮೆ ಪ್ರತಿ ಕಾಯಿಯನ್ನು ತಿರುವಿ ಅಡಿಭಾಗ ಒತ್ತಿ ನೋಡಿ. ಮೆತ್ತಗಾಗಲು ಶುರುವಾದದ್ದು ಸಿಕ್ಕರೆ ಅದೇ ದಿನ ಅಡುಗೆಮನೆಗೆ.