ಹಾರ್ಮೋನ್ ಬೇಡವೆನ್ನುವ ಟ್ರಾನ್ಸ್ ಮಹಿಳೆಯ ಆರೈಕೆ

ಹಾವೇರಿ ಕಡೆಯ ಹಳ್ಳಿಯಿಂದ ಬಂದು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ 34 ವರ್ಷದ ಟ್ರಾನ್ಸ್ ಮಹಿಳೆಯೊಬ್ಬರು ನನ್ನ ಬಳಿ ಬಂದದ್ದು ತಿಂಗಳುಗಳಿಂದ ಬಿಡದ ಸುಸ್ತಿಗಾಗಿ. ಹದಿನೆಂಟರಿಂದಲೂ ಸೀರೆಯುಟ್ಟು, ತಂದೆಯಿಲ್ಲದ ಮನೆಯಲ್ಲಿ ಹಿರಿಯಕ್ಕನಾಗಿ ನಿಂತು ತಂಗಿಯ ಮದುವೆ ಮಾಡಿಸಿದವರು ಅವರು. ನಾನು ಹಾರ್ಮೋನ್ ತಜ್ಞೆಯೆಂದು ಗೊತ್ತಾದಾಗ, ಸುಸ್ತಿನ ಮಾತನ್ನು ಅರ್ಧಕ್ಕೇ ಬಿಟ್ಟು ಕೇಳಿದರು: “ಡಾಕ್ಟ್ರ, ಗುಳಿಗಿ ತಗೊಳ್ಳಲಿಲ್ಲಂದ್ರ ನಾನು ಪೂರ್ತಿ ಹೆಣ್ಣಲ್ಲೇನ್ರೀ?”

ಈ ಪ್ರಶ್ನೆಯನ್ನು ನಾನು ಬೇರೆ ಬೇರೆ ಬಾಯಿಂದ ಅನೇಕ ಸಲ ಕೇಳಿದ್ದೇನೆ. ವೃತ್ತಿಯ ಆರಂಭದಲ್ಲಿ, ಟ್ರಾನ್ಸ್ ಮಹಿಳೆಯೊಬ್ಬರು ಒಳಗೆ ಬಂದರೆ ಅವರಿಗೆ ಬೇಕಿರುವುದು ಹಾರ್ಮೋನೇ ಎಂದು ಎಣಿಸಿ, ಏನು ಬೇಕೆಂದು ಕೇಳುವ ಮೊದಲೇ ಔಷಧಿಯ ವಿವರಣೆಗೆ ತೊಡಗುತ್ತಿದ್ದೆ. ಆ ಅಭ್ಯಾಸ ಎಷ್ಟು ಜನರನ್ನು ಸುಮ್ಮನಾಗಿಸಿತೋ ಎಂಬ ನೋವು ನನಗಿದೆ. ಈ ಚಿಕಿತ್ಸೆಯಲ್ಲಿ ಕೊಡುವ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್ ಒಂದು ಔಷಧಿ. ಅದು ದೇಹದಲ್ಲಿ ಕೆಲವು ಬದಲಾವಣೆಗಳನ್ನು ತರುತ್ತದೆ. ಒಬ್ಬರು ಹೆಣ್ಣೋ ಅಲ್ಲವೋ ಎಂದು ನಿರ್ಧರಿಸುವ ಶಕ್ತಿ ಅದಕ್ಕಿಲ್ಲ. ಸವದತ್ತಿ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡು, ಹುಟ್ಟಿನಲ್ಲಿ ಗಂಡೆನಿಸಿದರೂ ಹೆಣ್ಣಾಗಿ ಬಾಳುವ ಜೋಗತಿಯರು ಈ ಗುಳಿಗೆಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನಿಂದ ನಮ್ಮ ನಡುವೆ ಬದುಕಿದ್ದಾರೆ, ಮತ್ತು ಅವರಲ್ಲಿ ಅನೇಕರು ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡವರಲ್ಲ.

ಹಾರ್ಮೋನ್ ಚಿಕಿತ್ಸೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದರೆ ಬೇಕು ಬೇಡಗಳ ಚಿತ್ರ ತಿಳಿಯಾಗುತ್ತದೆ. ಈಸ್ಟ್ರೊಜೆನ್ ಮತ್ತು ಅದರ ಜೊತೆ ಕೊಡುವ, ಗಂಡು ಹಾರ್ಮೋನಾದ ಟೆಸ್ಟೊಸ್ಟಿರೋನನ್ನು ತಡೆಯುವ ಔಷಧಿಯಿಂದ 3ರಿಂದ 6 ತಿಂಗಳಲ್ಲಿ ಸ್ತನ ಬೆಳೆಯಲು ತೊಡಗುತ್ತದೆ, ಚರ್ಮ ಮೃದುವಾಗುತ್ತದೆ, ಸೊಂಟ ಮತ್ತು ತೊಡೆಯ ಕಡೆ ಕೊಬ್ಬು ಸೇರುತ್ತದೆ. ಪೂರ್ಣ ಪರಿಣಾಮಕ್ಕೆ 2–3 ವರ್ಷ ಹಿಡಿಯುತ್ತದೆ. ಆದರೆ ಒಡೆದ ದನಿ ಹೆಣ್ಣುದನಿಯಾಗುವುದಿಲ್ಲ, ಗಡ್ಡ ಉದುರಿ ಹೋಗುವುದಿಲ್ಲ, ಎತ್ತರ ಮತ್ತು ಮೂಳೆಯ ಅಳತೆ ಬದಲಾಗುವುದಿಲ್ಲ. ಅನೇಕರನ್ನು ದಿನನಿತ್ಯ ಹೆಚ್ಚು ಕಾಡುವುದು ಗಡ್ಡ ಮತ್ತು ದನಿ. ಅವೆರಡಕ್ಕೂ ಗುಳಿಗೆಯಲ್ಲಿ ಪರಿಹಾರವಿಲ್ಲವೆಂದು ತಿಳಿದಾಗ ಕೆಲವರು ತಾವು ಏನನ್ನು ಬಯಸಿ ಬಂದೆವೆಂದು ಮತ್ತೆ ಯೋಚಿಸುತ್ತಾರೆ.

ಬೇಡವೆನ್ನುವವರ ಕಾರಣಗಳು ಒಂದೇ ಬಗೆಯವಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ, ತೀವ್ರ ಯಕೃತ್ತಿನ ಕಾಯಿಲೆಯಿರುವವರಿಗೆ ನಾವೇ ಹಿಂಜರಿಯುತ್ತೇವೆ. ಚಿಕಿತ್ಸೆಯಿಂದ ವೀರ್ಯಾಣುಗಳು ಕುಗ್ಗುವುದರಿಂದ ಮುಂದೆ ಮಗು ಬೇಕೆನ್ನುವವರು ಕಾಯುತ್ತಾರೆ. ತಿಂಗಳ ಖರ್ಚು, ರಕ್ತಪರೀಕ್ಷೆಯ ಖರ್ಚು, ಊರಿನಲ್ಲಿರುವ ತಾಯಿಗೆ ದೇಹದ ಬದಲಾವಣೆ ಕಂಡೀತೆಂಬ ಭಯ, ಇವೂ ನಿಜವಾದ ಕಾರಣಗಳೇ. ಇನ್ನು ಕೆಲವರಿಗೆ ತಮ್ಮ ದೇಹ ಇರುವಂತೆಯೇ ಸಾಕು, ಮತ್ತು ಆ ಸಮಾಧಾನಕ್ಕೆ ವೈದ್ಯರ ಒಪ್ಪಿಗೆ ಬೇಕಿಲ್ಲ. ಖರ್ಚು ಅಥವಾ ಭಯದಿಂದ ಬೇಡವೆನ್ನುವವರಿಗೂ ಮನಸಾರೆ ಬೇಡವೆನ್ನುವವರಿಗೂ ನಡುವಿನ ವ್ಯತ್ಯಾಸವನ್ನು ನಾವು ಕಿವಿಗೊಟ್ಟು ತಿಳಿಯಬೇಕು. ಮೊದಲಿನವರಿಗೆ ಒಳಗೊಳಗೇ ಬೇಯುವ ಸಂಕಟವಿರಬಹುದು, ಮತ್ತು ಹಾರ್ಮೋನ್ ಅಂಥ ಎಷ್ಟೋ ಮಂದಿಗೆ ದೊಡ್ಡ ನೆಮ್ಮದಿ ಕೊಟ್ಟಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾರ್ಮೋನ್ ಇಲ್ಲದೆ ಮಾಡಬಹುದಾದದ್ದು ಬಹಳವಿದೆ. ಗಡ್ಡ ತೆಗೆಸಲು ನಮ್ಮ ಚರ್ಮದ ಬಣ್ಣಕ್ಕೆ ಎನ್‌ಡಿ ಯಾಗ್ ಎಂಬ ಲೇಸರ್ ಸುಟ್ಟ ಕಲೆಯ ಅಪಾಯ ಕಡಿಮೆಯಿರುವಂಥದು. ಆದರೆ ಲೇಸರ್ ಹಿಡಿಯುವುದು ಕಪ್ಪು ಕೂದಲನ್ನು ಮಾತ್ರ, ನರೆತ ಗಡ್ಡಕ್ಕೆ ಒಂದೊಂದೇ ಕೂದಲಿನ ಬುಡವನ್ನು ವಿದ್ಯುತ್ತಿನಿಂದ ನಾಶ ಮಾಡುವ ಎಲೆಕ್ಟ್ರಾಲಿಸಿಸ್ ಒಂದೇ ದಾರಿ. ಟೆಸ್ಟೊಸ್ಟಿರೋನ್ ತನ್ನ ಕೆಲಸ ಮುಂದುವರಿಸುವುದರಿಂದ ಕೂದಲು ಮತ್ತೆ ಚಿಗುರಬಹುದು, ಆಗಾಗ ಮರಳಿ ಹೋಗಬೇಕಾಗುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದಿರಬೇಕು. ನೆತ್ತಿಯ ಕೂದಲು ಉದುರುವುದೂ ಅದೇ ಕಾರಣಕ್ಕೆ ಮುಂದುವರಿಯುತ್ತದೆ. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ದನಿಗಂತೂ ಹಾರ್ಮೋನ್ ಇದ್ದವರಿಗೂ ಇಲ್ಲದವರಿಗೂ ಅಭ್ಯಾಸವೇ ಮದ್ದು. ದನಿಯನ್ನು ಸುಮ್ಮನೆ ಮೇಲಕ್ಕೆಳೆದರೆ ಗಂಟಲು ನೋಯುತ್ತದೆ. ದನಿ ಎಲ್ಲಿ ಅನುರಣಿಸುತ್ತದೆ, ಮಾತಿನ ಏರಿಳಿತ ಹೇಗಿದೆ ಎಂಬುದನ್ನು ವಾಕ್ ತಜ್ಞರು ತಿಂಗಳುಗಟ್ಟಲೆ ಕೂರಿಸಿ ಕಲಿಸುತ್ತಾರೆ. ಇಂಥ ತಜ್ಞರನ್ನು ತಯಾರಿಸುವ ದೇಶದ ಪ್ರಮುಖ ಸಂಸ್ಥೆಗಳಲ್ಲೊಂದಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ.

ಎರಡು ಅಡ್ಡದಾರಿಗಳ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. “ಹಾರ್ಮೋನ್ ತಗೊಂಡಿಲ್ಲ” ಎನ್ನುವವರಲ್ಲಿ ಕೆಲವರು ಔಷಧಿ ಅಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ದಿನಕ್ಕೆ ಎರಡು ಮೂರು ನುಂಗುತ್ತಿರುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿರುವ ಎಥಿನೈಲ್ ಎಸ್ಟ್ರಾಡಿಯಾಲ್ ಎಂಬ ಕೃತಕ ಈಸ್ಟ್ರೊಜೆನ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಎರಡನೆಯದು, ಎದೆಗೆ ಅಥವಾ ಸೊಂಟಕ್ಕೆ ಸಿಲಿಕೋನ್ ಚುಚ್ಚಿಸಿಕೊಳ್ಳುವುದು. ಅದು ರಕ್ತಕ್ಕೆ ಸೇರಿ ಶ್ವಾಸಕೋಶ ಮುಟ್ಟಿದರೆ ಜೀವ ಹೋಗಬಹುದು.

ಇವೆಲ್ಲಕ್ಕಿಂತ ಮುಖ್ಯವಾದ ಒಂದು ವಿಷಯ ನಿರ್ವಾಣಕ್ಕೆ, ಅಂದರೆ ಶಿಶ್ನ ಮತ್ತು ವೃಷಣಗಳನ್ನು ತೆಗೆಸಿಕೊಳ್ಳುವುದಕ್ಕೆ, ಸಂಬಂಧಿಸಿದ್ದು. ವೃಷಣಗಳು ಇರುವಷ್ಟು ಕಾಲ ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ದೇಹಕ್ಕೆ ಯಾವ ಕೊರತೆಯೂ ಇಲ್ಲ, ಏಕೆಂದರೆ ದೇಹ ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತಿದೆ. ನಿರ್ವಾಣವಾದ ಮೇಲೆ ಲೆಕ್ಕವೇ ಬೇರೆ. ಟೆಸ್ಟೊಸ್ಟಿರೋನ್ ಬಹುಪಾಲು ನಿಂತು, ಈಸ್ಟ್ರೊಜೆನ್ ಕೂಡ ಹೊರಗಿನಿಂದ ಬಾರದಿದ್ದರೆ, ಮುಟ್ಟು ನಿಂತ ಹೆಂಗಸರಿಗಾಗುವಂತೆಯೇ ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು, ಮನಸ್ಸು ಕುಗ್ಗುವುದು ಕಾಣಿಸಿಕೊಳ್ಳುತ್ತದೆ; ಕಣ್ಣಿಗೆ ಕಾಣದಂತೆ ಮೂಳೆ ಟೊಳ್ಳಾಗುತ್ತ ಹೋಗುತ್ತದೆ, ಅದೂ ಮೊದಲ ಕೆಲವು ವರ್ಷಗಳಲ್ಲಿ ವೇಗವಾಗಿ. ಇಪ್ಪತ್ತೈದರಲ್ಲಿ ನಿರ್ವಾಣವಾಗಿ, ಹದಿನೈದು ವರ್ಷ ಯಾವ ಹಾರ್ಮೋನೂ ಇಲ್ಲದೆ ಕಳೆದು, ಸಣ್ಣಗೆ ಜಾರಿ ಬಿದ್ದದ್ದಕ್ಕೇ ಸೊಂಟದ ಮೂಳೆ ಮುರಿದುಕೊಂಡವರಿಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಆ ಹದಿನೈದು ವರ್ಷಗಳಲ್ಲಿ ಅವರಿಗೆ ಈ ಮಾತನ್ನು ಒಬ್ಬರೂ ಹೇಳಿರಲಿಲ್ಲ. ನಿರ್ವಾಣವಾದವರು ಹಾರ್ಮೋನ್ ಬೇಡವೆನ್ನುವ ಮೊದಲು ತಜ್ಞರೊಡನೆ ಒಮ್ಮೆ ಕೂತು ಮಾತನಾಡಲೇಬೇಕು. ಆಗಲೂ ಬೇಡವೆಂದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ, ಕ್ಯಾಲ್ಸಿಯಂ, ವಿಟಮಿನ್ ಡಿ, ಭಾರ ಎತ್ತುವ ವ್ಯಾಯಾಮ ಮತ್ತು ಅಗತ್ಯವಿದ್ದರೆ ಮೂಳೆ ಗಟ್ಟಿ ಮಾಡುವ ಔಷಧಿ ಬೇಕಾಗುತ್ತವೆ. ಹಿಜ್ರಾ ಸಮುದಾಯದ ಗುರುಗಳು ತಮ್ಮ ಚೇಲಾಗಳಿಗೆ, ಅಂದರೆ ಶಿಷ್ಯೆಯರಿಗೆ, ಈ ಸಂಗತಿಯನ್ನು ಹೇಳಿಕೊಟ್ಟರೆ ನಮ್ಮ ಯಾವ ಶಿಬಿರಕ್ಕಿಂತಲೂ ಹೆಚ್ಚು ಮೂಳೆಗಳು ಉಳಿಯುತ್ತವೆ.

ಗುರುತಿನ ವಿಷಯದಲ್ಲಿ ಇಷ್ಟನ್ನು ಹೇಳುತ್ತೇನೆ: 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಂಗತ್ವದ ಗುರುತಿಗೆ ಶಸ್ತ್ರಚಿಕಿತ್ಸೆ ಆಗಿರಬೇಕೆಂದು ಒತ್ತಾಯಿಸುವುದು ಅನೈತಿಕ ಮತ್ತು ಕಾನೂನುಬಾಹಿರ ಎಂದಿತು. ಗುರುತಿನ ಪತ್ರಕ್ಕೆ ಸಲ್ಲಿಸುವ ಅರ್ಜಿಯ ಈಗಿನ ಕ್ರಮಗಳನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ ತಿಳಿಯಬಹುದು.

ಹೊಲಿಗೆ ಅಂಗಡಿಯ ಆ ಹೆಣ್ಣುಮಗಳ ಸುಸ್ತಿಗೆ ಮರಳುತ್ತೇನೆ. ಅವರು ತಂದಿದ್ದ ವರದಿಯಲ್ಲಿ ಹಿಮೋಗ್ಲೋಬಿನ್ 12.4 ಇತ್ತು, ಲಿಂಗದ ಕಡೆ ‘ಸ್ತ್ರೀ’ ಎಂದಿದ್ದುದರಿಂದ ಪ್ರಯೋಗಾಲಯ ಅದನ್ನು ಸರಿಯಾಗಿದೆ ಎಂದು ಮುದ್ರಿಸಿತ್ತು. ಹೆಂಗಸರಿಗೆ 12, ಗಂಡಸರಿಗೆ 13 ಎಂಬ ಈ ಗಡಿಗಳ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳಲ್ಲೊಂದು ಟೆಸ್ಟೊಸ್ಟಿರೋನ್. ಹಾರ್ಮೋನ್ ಚಿಕಿತ್ಸೆ ಪಡೆಯದ ಟ್ರಾನ್ಸ್ ಮಹಿಳೆಯ ರಕ್ತವನ್ನು ಎರಡನೆಯ ಗಡಿಯೊಂದಿಗೆ ಹೋಲಿಸಬೇಕು. ಹಾಗೆ ನೋಡಿದರೆ ಅವರಿಗೆ ರಕ್ತಹೀನತೆ ಇತ್ತು, ಕಬ್ಬಿಣದ ಸಂಗ್ರಹ ಬರಿದಾಗಿತ್ತು. ಬಿಡಿಸಿ ಕೇಳಿದಾಗ, ಎರಡು ವರ್ಷಗಳಿಂದ ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದೆಯೆಂದೂ, ಪರೀಕ್ಷೆಗೆ ಬಟ್ಟೆ ಸರಿಸಬೇಕಾದೀತೆಂಬ ನಾಚಿಕೆಗೆ ಯಾವ ವೈದ್ಯರಿಗೂ ಹೇಳಿಲ್ಲವೆಂದೂ ತಿಳಿಸಿದರು. ಚಿಕಿತ್ಸೆಯಾಗಿ ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 13.6ಕ್ಕೆ ಏರಿತು. ಹಾರ್ಮೋನಿನ ವಿವರವನ್ನೆಲ್ಲ ಕೇಳಿಸಿಕೊಂಡು, ತಮಗೆ ಬೇಡವೆಂದೇ ಹೇಳಿದರು. ಈಗ ಅವರ ಪರೀಕ್ಷೆಯ ಚೀಟಿಯಲ್ಲಿ ‘ಸ್ತ್ರೀ’ ಎಂದೇ ಬರೆದು, ಯಾವ ಫಲಿತಾಂಶವನ್ನು ಯಾವ ಗಡಿಯೊಂದಿಗೆ ಹೋಲಿಸಬೇಕೆಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಸೂಚಿಸುತ್ತೇನೆ.